ಅಪ್ಪನ ಗ್ಯಾರೇಜಿನ ಸಿಹಿ

ಕೆಮ್ಮಿನ ಸಿರಪ್ ಮಾಡುವ ಕಾರ್ಖಾನೆಯಲ್ಲಿ ಅವಳ ಕೆಲಸ ರುಚಿ ನೋಡುವುದು. ಒಂದು ಹನಿ ನಾಲಿಗೆಗೆ ಸೋಕಿಸಿ, ಉಗುಳಿ, ಪುಸ್ತಕದಲ್ಲಿ ಬರೆಯಬೇಕು. ಉಳಿದವರು 'ಸಿಹಿ', 'ತುಸು ಒಗರು' ಎಂದು ಬರೆದರೆ ಈ ಮಹಾತಾಯಿ ಜಾಗದ ಹೆಸರು ಬರೆಯುತ್ತಿದ್ದಳು. ರುಚಿ ತಗುಲಿದ ಕೂಡಲೇ ಅವಳ ತಲೆಯಲ್ಲಿ ಏಳುತ್ತಿದ್ದದ್ದೇ ಜಾಗ. ಈ ಸಿರಪ್ ಮಟ್ಟಿಗೆ ಹತ್ತು ವರ್ಷದಿಂದ ಒಂದೇ ಬರಹ: 'ದೊಡ್ಡಮ್ಮನ ಅಡುಗೆಮನೆ'.

ಇವತ್ತು ಬೆಳಿಗ್ಗೆ ಹನಿ ಸೋಕಿತು. ಅಡುಗೆಮನೆ ಬರಲಿಲ್ಲ. 'ಅಪ್ಪನ ಗ್ಯಾರೇಜು' ಎಂದು ಬರೆದಳು.

ಸೂಪರ್‌ವೈಸರ್ ಬಗ್ಗಿ ಓದಿ ನಕ್ಕ. "ಏನಕ್ಕಾ, ಸಿರಪ್‌ನಲ್ಲಿ ಗ್ರೀಸ್ ಸಿಕ್ತಾ? ಬೇಗ ಸಹಿ ಹಾಕು, ಲಾರಿ ಕಾಯ್ತಿದೆ."

ಅವಳೂ ನಗಲು ಹೋದಳು. ಸಹಿ ಹಾಕಲು ಎತ್ತಿದ ಪೆನ್ನನ್ನು ಕೆಳಗಿಟ್ಟಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಗ್ಯಾರೇಜಿನೊಳಗೆ ಒಂದೊಂದೇ ಕಾಣಿಸತೊಡಗಿತು: ಎಣ್ಣೆ ಕುಡಿದ ನೆಲ, ಕೆಟ್ಟು ನಿಂತ ಬಸ್ಸು, ಅದರ ಕೆಳಗೆ ತಗಡಿನ ತಟ್ಟೆ, ತಟ್ಟೆಯ ತುಂಬ ಇಂಜಿನ್ನಿನಿಂದ ಇಳಿಸಿದ ಹಸಿರು ಕೂಲೆಂಟ್ ನೀರು.

ಆಗ ಅವಳಿಗೆ ಏಳು ವರ್ಷ, ತಮ್ಮನಿಗೆ ನಾಲ್ಕು. ಅವಳು ಬೆರಳದ್ದಿ ನೆಕ್ಕಿದ್ದಳು. ಅವನು ಬೊಗಸೆ ತುಂಬ ಕುಡಿದಿದ್ದ. "ಅಕ್ಕಾ, ಸಿಹಿ ಇದೆ. ಇನ್ನೊಂಚೂರು."

ಸಂಜೆ ಅವನು ವಾಂತಿ ಮಾಡಿಕೊಂಡು ಮಂಕಾದಾಗ ಡಾಕ್ಟರು ಕೇಳಿದ್ದರು, ಮಕ್ಕಳು ಏನಾದರೂ ತಿಂದರಾ ಎಂದು. ಅಪ್ಪನ ಹೊಡೆತಕ್ಕೆ ಹೆದರಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮೂರನೆಯ ದಿನ ತಮ್ಮನನ್ನು ಬಟ್ಟೆ ಸುತ್ತಿ ಮನೆಗೆ ತಂದರು. ಯಾಕೆ ಹೋದ ಎಂದು ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಅವಳು ತಟ್ಟನೆ ಫೋನಿಗೆ ಕೈ ಹಾಕಿದಳು. ನಿನ್ನೆ ಮಗಳ ಕೆಮ್ಮಿಗೆಂದು ಇದೇ ಬ್ಯಾಚಿನ ಬಾಟಲಿಯೊಂದನ್ನು ಮನೆಗೆ ಒಯ್ದಿದ್ದಳು. ಊರಿಗೆಲ್ಲ ರುಚಿ ನೋಡಿ ಕೊಡುವವಳು, 'ನಮ್ಮದೇ ಸಿರಪ್, ಇದನ್ನೇನು ನೋಡುವುದು' ಎಂದು ಹಾಗೇ ಕಪಾಟಿನಲ್ಲಿಟ್ಟಿದ್ದಳು.

ಫೋನಿನಲ್ಲಿ ಅತ್ತೆ ಖುಷಿಯಲ್ಲಿದ್ದರು. "ಈಗಷ್ಟೇ ಒಂದ್ ಚಮಚ ಹಾಕ್ದೆ ಕಣಮ್ಮಾ. ಹಟ ಇಲ್ಲ, ಅಳು ಇಲ್ಲ. ಚಪ್ಪರಿಸ್ಕೊಂಡು ಕುಡಿದ್ಲು."

ಹಿಂದಿನಿಂದ ಮಗಳ ದನಿ ಕೇಳಿಸಿತು. "ಅಜ್ಜೀ, ಸಿಹಿ ಇದೆ. ಇನ್ನೊಂಚೂರು."

"ಕೊಡ್ಬೇಡಿ!" ಅವಳು ಕಿರುಚಿದ್ದಕ್ಕೆ ಇಡೀ ಕೋಣೆ ತಿರುಗಿ ನೋಡಿತು. "ಆಸ್ಪತ್ರೆಗೆ ಕರ್ಕೊಂಡ್ ಬನ್ನಿ ಅತ್ತೇ, ಬಾಟಲಿನೂ ತನ್ನಿ, ನಾನೂ ಹೊರಟೆ!" ಪುಸ್ತಕದಲ್ಲಿ 'ಒಂದು ಬಾಟಲಿಯೂ ಹೊರಗೆ ಹೋಗಕೂಡದು' ಎಂದು ಗೀಚಿ, ಅದನ್ನು ಸೂಪರ್‌ವೈಸರ್ ಎದೆಗೆ ಒತ್ತಿ, ಓಡಿದಳು.

ಆಸ್ಪತ್ರೆಯಲ್ಲಿ ಮಗಳು ಮಂಚದ ಮೇಲೆ ಕಾಲಾಡಿಸುತ್ತಾ ಆರಾಮಾಗಿ ಕೂತಿದ್ದಳು. ತಮ್ಮನೂ ಮೊದಲು ಹೀಗೇ ಇದ್ದ.

"ಏನ್ ಕುಡೀತು ಮಗು?" ಡಾಕ್ಟರು ಕೇಳಿದರು.

ಅದೇ ಪ್ರಶ್ನೆ. ಬಾಟಲಿ ತಂದವಳು ತಾನೇ. ಪಕ್ಕದಲ್ಲಿ ಅತ್ತೆ, ಸುದ್ದಿ ತಿಳಿದು ಓಡಿಬಂದ ಗಂಡ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಕೆಮ್ಮಿನ ಸಿರಪ್. ಅದ್ರಲ್ಲಿ ಗಾಡಿ ಇಂಜಿನ್‌ಗೆ ಹಾಕೋ ಹಸಿರು ನೀರು ಸೇರಿದೆ. ನಾನೇ ತಂದಿಟ್ಟಿದ್ದು."

"ಪರೀಕ್ಷೆನೇ ಆಗಿಲ್ಲ. ಅಷ್ಟು ಖಚಿತವಾಗಿ ಹೇಗ್ ಹೇಳ್ತೀರಾ?"

"ನನ್ ತಮ್ಮ ಕುಡಿದಿದ್ದ, ಡಾಕ್ಟ್ರೇ," ಎಂದಳು. "ಆವತ್ತು ನಾನು ಹೇಳ್ಲಿಲ್ಲ."