ಎದುರು ಪಕ್ಷಕ್ಕೆ ಗೊತ್ತಿಲ್ಲದ ತೀರ್ಪು

"ನಾನಿರೋವರೆಗೂ ಕೋರ್ಟಿನಲ್ಲಿ ನಿನ್ನ ತಲೆ ತಗ್ಗೋಕೆ ಬಿಡಲ್ಲ ಕಣೋ" ಎಂದು ಮೇಡಂ ತಮ್ಮ ಗೆಳೆಯನಿಗೆ ಮಾತು ಕೊಟ್ಟಿದ್ದು ಬಹಳ ಹಿಂದೆ. ಆಗ ಅವರಿಬ್ಬರೂ ಒಬ್ಬರೇ ವಕೀಲರ ಬಳಿ ಕಿರಿಯರು, ಒಂದೇ ಕರಿ ಗೌನನ್ನು ಸರದಿಯ ಮೇಲೆ ತೊಡುತ್ತಿದ್ದವರು. ತುಂಬಿದ ಕೋರ್ಟಿನಲ್ಲಿ ಬೈಸಿಕೊಂಡು ಬಂದ ಗೆಳೆಯನನ್ನು ಸಮಾಧಾನ ಮಾಡುವಾಗ ಆಡಿದ ಮಾತು ಅದು.

ಈಗ ಆತ ಕಾನೂನು ಮಂತ್ರಿ. ಮೇಡಂ ಅಡ್ವೊಕೇಟ್ ಜನರಲ್, ಸರ್ಕಾರದ ಪರ ವಾದಿಸುವ ಮುಖ್ಯ ವಕೀಲರು. ಅವರ ಹಿಂದೆ ಪುಸ್ತಕ ಹೊತ್ತು ಓಡಾಡುವ ಕಿರಿಯ ವಕೀಲೆ ನಾನು.

ಅಂದಿನದು ಒಂದು ಶಾಲೆಯ ಪ್ರಕರಣ. ಕಚೇರಿ ಕಟ್ಟಲು ಸರ್ಕಾರ ಶಾಲೆಯ ಜಾಗವನ್ನು ಕಿತ್ತುಕೊಳ್ಳಲು ಹೊರಟಿತ್ತು. ಹೀಗೆ ಜಾಗ ತೆಗೆದುಕೊಳ್ಳುವ ಮುನ್ನ ಅದರ ಒಡೆಯರ ಮಾತು ಕೇಳಬೇಕಾಗಿಲ್ಲ ಎನ್ನುವ ಹಳೆಯ ತೀರ್ಪೊಂದೇ ನಮಗೆ ಊರುಗೋಲು. ಮೇಲಿನ ಕೋರ್ಟು ಅದನ್ನು ಹಿಂದಿನ ವಾರವಷ್ಟೇ ತಳ್ಳಿಹಾಕಿದ್ದು ಬೆಳಿಗ್ಗೆ ಮೇಡಂ ಕಣ್ಣಿಗೆ ಬಿತ್ತು. ಶಾಲೆಯ ಪರ ನಿಂತ ಎಳೆಯ ವಕೀಲನಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಮೇಡಂ ಕೂಡಲೇ ನನ್ನೆದುರೇ ಸ್ಪೀಕರ್ ಹಾಕಿ ಮಂತ್ರಿಗೆ ಫೋನ್ ಮಾಡಿದರು.

"ಅವನಿಗೇ ಗೊತ್ತಿಲ್ಲ ಅಂದ್ಮೇಲೆ ನಿನಗ್ಯಾಕೆ ಊರ ಉಸಾಬರಿ? ಸುಮ್ನೆ ಕೂತ್ಕೋ, ಗೆದ್ವಿ."

"ಸುಮ್ನೆ ಕೂರೋಕೆ ನಾನೇ ಬೇಕೇನೋ? ಖಾಲಿ ಕುರ್ಚಿ ಸಾಕಲ್ಲ."

"ತಮಾಷೆ ಬೇಡ. ಕೊಟ್ಟ ಮಾತು ಮರೆತ್ಯಾ?"

"ಮರೆತಿದ್ರೆ ಫೋನ್ ಯಾಕೆ ಮಾಡ್ತಿದ್ದೆ? ಜಾಗ ಕಿತ್ಕೊಳ್ಳೋ ಆದೇಶ ನೀನೇ ವಾಪಸ್ ತಗೋ. ತಲೆ ಎತ್ಕೊಂಡೇ ಆಚೆ ಬರಬಹುದು."

"ಆಗಲ್ಲ. ನಾಳೆ ಆ ಕುರ್ಚಿಲಿ ಬೇರೆಯವರು ಕೂರ್ತಾರೆ, ನೋಡ್ಕೋ."

"ಕೂರಲಿ ಬಿಡು. ಸರದಿ ಮೇಲೆ ಗೌನು ತೊಟ್ಟವರಲ್ವಾ ನಾವು."

ಕೋರ್ಟಿನ ಹಿಂದಿನ ಬೆಂಚಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ ಚೀಲವನ್ನು ಅವುಚಿಕೊಂಡು ಕೂತಿದ್ದರು. ಎಳೆಯ ವಕೀಲ ತಡವರಿಸುತ್ತಲೇ ವಾದ ಮುಗಿಸಿದ. ಮೇಡಂ ಎದ್ದವರು ಹೊಸ ತೀರ್ಪಿನ ಪ್ರತಿಯನ್ನು ಮೊದಲು ಅವನ ಕೈಗೇ ಕೊಟ್ಟರು. ಇನ್ನೊಂದು ಪ್ರತಿ ಪೀಠಕ್ಕೆ ಹೋಯಿತು.

"ಮಹಾಸ್ವಾಮಿ, ಇದು ಸರ್ಕಾರಕ್ಕೆ ವಿರುದ್ಧವಾಗಿದೆ. ಆದರೂ ತೋರಿಸುವುದು ನನ್ನ ಕರ್ತವ್ಯ. ಇದರ ಮುಂದೆ ನಮ್ಮ ವಾದ ನಿಲ್ಲುವುದಿಲ್ಲ."

ನ್ಯಾಯಮೂರ್ತಿಗಳು ಕನ್ನಡಕ ತೆಗೆದರು. "ಸರ್ಕಾರ ಇದನ್ನು ಒಪ್ಪುತ್ತದೆಯೇ?"

"ಸರ್ಕಾರದ ವಕೀಲೆ ಒಪ್ಪುತ್ತಾಳೆ."

ಎಷ್ಟೋ ಪ್ರಕರಣ ಗೆದ್ದು ಅವರ ಹಿಂದೆ ನಡೆದು ಬಂದಿದ್ದೇನೆ. ಅವತ್ತು ಸೋತು ಬರುವಾಗ ಮಾತ್ರ ಹೊತ್ತ ಪುಸ್ತಕಗಳು ಭಾರವೆನಿಸಲಿಲ್ಲ. ಮನೆಯಲ್ಲಿ ಮಗಳು ಎಂದಿನಂತೆ, "ಅಮ್ಮಾ, ಇವತ್ತು ಗೆದ್ರಾ?" ಎಂದಳು. ಸೋತ ಕಥೆಯನ್ನು ಅವಳಿಗೆ ಎರಡು ಸಲ ಹೇಳಿದೆ.

ಶಾಲೆ ಉಳಿಯಿತು. ಎಲ್ಲರೆದುರು ಮಂತ್ರಿಯ ತಲೆ ತಗ್ಗಿತು. ಮೇಡಂ ಕೊಟ್ಟ ಮಾತಿಗೆ ತಪ್ಪಿದ್ದರು.