ಪಕ್ಕೆಲುಬಿಗೆ ಹೊಲಿದ ಪಟ್ಟಿ

ಅಕ್ಕ ಬಟ್ಟೆ ಹೊಲಿಯುವವಳು, ಅವಳ ಒಬ್ಬನೇ ತಮ್ಮ ಮನೆಗಳಿಗೆ ಬಣ್ಣ ಹೊಡೆಯುವವನು. ಒಂದು ದಿನ ಅವನು ಏಣಿಯಿಂದ ಜಾರಿ ಬಕೆಟ್ಟಿನ ಅಂಚಿಗೆ ಎಡಪಕ್ಕೆ ಬಡಿದುಕೊಂಡ. ಮೂರು ಎಲುಬು ಮುರಿದವು. ಆಸ್ಪತ್ರೆಯವರು ಎಕ್ಸ್‌ರೇ ನೋಡಿ, ಶ್ವಾಸಕೋಶಕ್ಕೆ ಸದ್ಯ ಏನೂ ಆಗಿಲ್ಲವೆಂದು ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಗಂಟೆಗೊಮ್ಮೆ ಜೋರಾಗಿ ಉಸಿರೆಳೆದು ಕೆಮ್ಮಬೇಕು ಅಂತಲೂ ಹೇಳಿದ್ದರು.

ಅಕ್ಕನಿಗೆ ಸಮಾಧಾನವಿಲ್ಲ. ಕೈ ಮುರಿದರೆ ಪ್ಲಾಸ್ಟರ್ ಹಾಕುತ್ತಾರೆ, ಇಲ್ಲಿ ಮೂರು ಮುರಿದರೂ ಒಂದು ಬಟ್ಟೆಚೂರು ಸುತ್ತಲಿಲ್ಲವಲ್ಲ ಎಂದು ಅವಳ ಜೀವ ಒದ್ದಾಡಿತು. ಅಂದು ಸಂಜೆಯೇ ದಪ್ಪ ಬಟ್ಟೆ ಎರಡು ಪದರ ಮಡಚಿ, ಕೊಕ್ಕೆ ಇಟ್ಟು, ಬಿಗಿಯಾದ ಪಟ್ಟಿ ಹೊಲಿದು ಅವನ ಪಕ್ಕೆಯ ಸುತ್ತ ಕಟ್ಟಿದಳು.

“ಅಕ್ಕಾ, ಈಗ ನೋವೇ ಗೊತ್ತಾಗ್ತಿಲ್ಲ. ಆ ಡಾಕ್ಟರಿಗಿಂತ ನೀನೇ ವಾಸಿ.”

“ಕೆಮ್ಮು ಅಂದಿದ್ರಲ್ಲೋ?”

“ಕೆಮ್ಮಿದ್ರೆ ಜೀವ ಹೋಗತ್ತೆ. ನಾಳೆ ನೋಡೋಣ.”

ಅವನು ಮುಖ ಕಿವುಚಿದರೆ ಅವಳ ಕರುಳು ಚುರುಕ್ಕೆನ್ನುತ್ತಿತ್ತು. ಬಲವಂತ ಮಾಡಲಿಲ್ಲ. ನಾಳೆ, ನಾಳೆ ಎನ್ನುತ್ತ ಮೂರು ದಿನ ಕಳೆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಮೈ ಕೆಂಡವಾಗಿತ್ತು. ಓಡಿಬಂದ ನಾಯಿಯ ಹಾಗೆ ಮೇಲುಸಿರು. ನೀರು ಕೊಡು ಎನ್ನುವ ಎರಡು ಮಾತಿನ ನಡುವೆ ಉಸಿರಿಗಾಗಿ ಒಮ್ಮೆ ನಿಂತ. ಅಕ್ಕ ಕತ್ತರಿಸುತ್ತಿದ್ದ ಬಟ್ಟೆ ಹಾಗೇ ಬಿಟ್ಟು ಟ್ಯಾಕ್ಸಿ ಕರೆದು ತಂದಳು.

ಆಸ್ಪತ್ರೆಯಲ್ಲಿ ಅಂಗಿ ಎತ್ತಿದ ನರ್ಸ್ ಕೇಳಿದಳು, “ಇದನ್ನ ಯಾರು ಕಟ್ಟಿದ್ದು?”

“ನಾನೇ,” ಎಂದಳು ಅಕ್ಕ.

“ಬಿಗಿದ್ರೆ ನೋವೇನೋ ಕಮ್ಮಿ ಆಗತ್ತಮ್ಮ. ಆದ್ರೆ ಉಸಿರು ಕೆಳಗಿನ ತನಕ ಇಳಿಯಲ್ಲ. ಗಾಳಿ ಹೋಗದ ಕಡೆ ಕಫ ಕಟ್ಕೊಂಡು ನ್ಯುಮೋನಿಯಾ ಆಗಿರೋ ಹಾಗಿದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು, ನರ್ಸ್ ಬೈಯಲಿಲ್ಲ. ಕೊಕ್ಕೆಗಳನ್ನು ಅಕ್ಕನೇ ಬಿಚ್ಚಿದಳು. ತಾನೇ ಬಿಗಿಯಾಗಿ ಇಟ್ಟಿದ್ದವು, ಒಂದೂ ಸುಲಭಕ್ಕೆ ಬರಲಿಲ್ಲ.

ಮೂಗಿಗೆ ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ನೋವಿಗೆ ಬೇರೆ ಮದ್ದು. ಆದರೂ ಗಂಟೆಗೊಮ್ಮೆ ಕೆಮ್ಮಲೇಬೇಕು. ಆ ಗಳಿಗೆ ಮಾತ್ರ ನೋವು ತಡೆಯಲೆಂದು ಪಕ್ಕೆಗೆ ದಿಂಬು ಒತ್ತಿ ಹಿಡಿಯುವ ಕೆಲಸ ಅಕ್ಕನದು.

“ಆಗಲ್ಲ ಕಣೇ. ಬಿಡು ನನ್ನ.”

“ಬಿಟ್ಟಿದ್ದಕ್ಕೇ ಇಲ್ಲಿಗೆ ಬಂದಿದೀವಿ. ಕೆಮ್ಮು.”

ಅವನು ಕೆಮ್ಮಿದ, ಅತ್ತ. ಅವಳು ಗೋಡೆ ಕಡೆ ಮುಖ ತಿರುಗಿಸಿದಳು, ದಿಂಬು ಮಾತ್ರ ಬಿಡಲಿಲ್ಲ. ಉಳಿದ ಹೊತ್ತು ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಅವನ ಉಸಿರು ಎಣಿಸುವಳು, ಲೆಕ್ಕ ತಪ್ಪುವಳು, ಮತ್ತೆ ಒಂದರಿಂದ ಶುರು.

ಆಸ್ಪತ್ರೆ ಸೇರಿದ ಐದನೆಯ ದಿನ ಜ್ವರ ಬಿಟ್ಟಿತು. ಇನ್ನೂ ನಾಲ್ಕು ದಿನ ಬಿಟ್ಟು ಮನೆಗೆ ಕಳಿಸಿದರು. ಮನೆಯ ಮೆಟ್ಟಿಲ ನಡುವೆ ತಮ್ಮ ನಿಂತ, ಅಕ್ಕ ಅವನ ತೋಳು ಹಿಡಿದಳು.

“ಏನಾಯ್ತೋ?”

“ಏನಿಲ್ಲ ಮಾರಾಯ್ತಿ. ಉಸಿರು ತಗೋಬೇಡ್ವಾ?”

ಮುಂದಿನ ವಾರ ಅವಳು ಬಾಕಿ ಉಳಿದ ಹೊಲಿಗೆಗೆ ಕೂತಳು. ಒಂದು ಗೇಣು ಹೊಲಿದು ಮೆಷಿನ್ ನಿಲ್ಲಿಸುವಳು, ಪಕ್ಕದ ಕೋಣೆಗೆ ಕಿವಿ ಕೊಡುವಳು. ಕೊನೆಗೆ ತಮ್ಮ ಒಳಗಿಂದಲೇ ಅಂದ, “ಬದುಕಿದೀನಿ ಅಕ್ಕಾ. ಹೊಲಿ ನೀನು.”

ಅವಳು ಪೆಡಲ್ ತುಳಿದಳು. ಇನ್ನೊಂದು ಗೇಣು ಹೋಗುವಷ್ಟರಲ್ಲಿ ಕಾಲು ತಾನಾಗಿ ನಿಂತಿತು.