ನೀಲಿ ಹತ್ತಿಯ ಕೊಳವೆ

—ಮತ್ತೆ ಅದೇ ಹುಳಿ ವಾಸನೆ, ಲ್ಯಾಬಿನ ಕಪಾಟಿನ ಬಾಗಿಲು ತೆಗೆದೊಡನೆ ಮೂಗಿಗೆ ಬಡಿಯುವ, ನೊಣಗಳಿಗಿಡುವ ಗಂಜಿಯ ಈಸ್ಟಿನ ವಾಸನೆ, ಬಟ್ಟೆಗೂ ಕೂದಲಿಗೂ ಹತ್ತಿಕೊಂಡು ನನ್ನ ಜೊತೆ ಮನೆಗೇ ಬರುತ್ತಿತ್ತು, ಬಂದಳಪ್ಪಾ ನೊಣದ ಡಾಕ್ಟರು, ಮೊದಲು ಸ್ನಾನಕ್ಕೆ ನಡಿ, ಅಮ್ಮ ಬಚ್ಚಲಿನ ದೀಪ ಹಾಕಿಟ್ಟಿರುತ್ತಿದ್ದಳು, ಈಗ ಅಟ್ಟುವವರಿಲ್ಲ, ಹಾಗೇ ಮಲಗಿಬಿಡುತ್ತೇನೆ, ದಿಂಬಿಗೂ ಈಸ್ಟಿನ ವಾಸನೆ — ಗಾಜಿನ ಕೊಳವೆಗಳೆಲ್ಲ ಖಾಲಿ, ಬಿಳಿ ಹತ್ತಿ ತುರುಕಿದವುಗಳ ನೊಣಗಳು ಮೊದಲು ಸತ್ತವು, ಆಮೇಲೆ ಕೆಂಪು, ಮೊನ್ನೆ ಹಳದಿ, ಉಳಿದದ್ದು ನೀಲಿ ಹತ್ತಿಯದೊಂದು, ಅದರೊಳಗೆ ಒಂದೇ ಒಂದು ಹಣ್ಣಿನ ನೊಣ, ಅಮ್ಮನ ನೊಣ. ನಾನು ಮರೆತುಬಂದ ಕನ್ನಡಕ ಕೊಡಲು ಒಮ್ಮೆ ಇಲ್ಲಿಗೆ ಬಂದವಳು ಮೂಗನ್ನು ಗಾಜಿಗೆ ಒತ್ತಿ ನೋಡಿದ್ದಳು, ಮನೇಲಿ ನೊಣ ಕಂಡ್ರೆ ನಾನು ಟವೆಲ್ ಬೀಸ್ತೀನಿ, ಇಲ್ಲಿ ನೀನು ಕೂತು ಮಾತ್ರೆ ತಿನ್ನಿಸ್ತೀಯ, ಆಯುಷ್ಯ ಹೆಚ್ಚಿಸುವ ಮಾತ್ರೆಯಂತೆ, ಔಷಧಿ ಅಂಗಡಿಯವನ ಮಾತು ಕೇಳಿ ಅವಳೂ ಅದನ್ನೇ ನುಂಗುತ್ತಿದ್ದಳು, ಯಾವ ಬಣ್ಣದ ಹತ್ತಿಯ ಕೊಳವೆಯ ಗಂಜಿಗೆ ಆ ಮಾತ್ರೆಯ ಪುಡಿ ಬೆರೆಸಿದೆ, ಯಾವುದು ಬರೀ ಗಂಜಿ ಎಂದು ನನಗೂ ಗೊತ್ತಿಲ್ಲ, ಪ್ರೊಫೆಸರಿಗೆ ಮಾತ್ರ ಗೊತ್ತು, ಕೊನೆಯ ನೊಣ ಸಾಯುವವರೆಗೆ ಅವರು ಬಾಯಿ ಬಿಡುವುದಿಲ್ಲ, ಹಾಗಾದ್ರೆ ಈ ನೀಲಿ ನನ್ನದು, ಇವಕ್ಕೆ ಜೀವ ಗಟ್ಟಿ ನೋಡ್ತಿರು, ಎಂದು ಲಾಟರಿ ಹೊಡೆದವಳಂತೆ ಹೊರಟೇಹೋದಳು, ಅಂದಿನಿಂದ ದಿನಾ ಅದೇ ಪ್ರಶ್ನೆ, ಊಟಕ್ಕೆ ಕೂತಾಗ, ಆಸ್ಪತ್ರೆಗೆ ಸೇರಿದ ಮೇಲೆ ಫೋನಿನಲ್ಲಿ, ಉಸಿರು ಹಿಡಿದು ಹಿಡಿದು, ನನ್ನ ನೀಲಿ ಹೇಗಿದೆ, ಚೆನ್ನಾಗಿದೆ ಅಮ್ಮ, ಕುಣೀತಿದೆ, ಎಂದರೆ ಆ ಕಡೆ ಒಂದು ಸಣ್ಣ ನಗು, ಆ ನಗುವಿಗಾಗಿ ನಾನು ಇಡೀ ಮಧ್ಯಾಹ್ನ ಕಾಯುತ್ತಿದ್ದೆ.

ಹೋಯ್ತಾ, ಬಾಗಿಲಲ್ಲಿ ಪ್ರೊಫೆಸರ್, ಹೋದರೆ ಇವತ್ತೇ ಪರೀಕ್ಷೆ ಮುಗಿಯಿತು, ಬಣ್ಣದ ಗುಟ್ಟು ಹೊರಬರುತ್ತದೆ, ಕೊಳವೆ ತೊಳೆಯುವ ತೊಟ್ಟಿಗೆ — ನೊಣ ಗಂಜಿಯ ಮೇಲೆ ಅಂಗಾತ ಬಿದ್ದಿದೆ, ರೆಕ್ಕೆ ಅಂಟಿಕೊಂಡಿದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೇ ಅಂಟಿಕೊಂಡದ್ದನ್ನು ಸತ್ತಿದೆ ಎಂದುಬಿಟ್ಟಿದ್ದೆ, ಕಾಲು ನೋಡದೆ ಸತ್ತಿದೆ ಅನ್ನಬೇಡ, ಗದರಿದ್ದರು ಪ್ರೊಫೆಸರ್, ಉಗುರಲ್ಲಿ ಗಾಜು ತಟ್ಟು, ಕಾಲು ಅಲ್ಲಾಡಿದರೆ ಬದುಕಿದೆ, ಅಷ್ಟೇ ಇಲ್ಲಿನ ಕಾನೂನು, ನನಗೇನು ಹೊಸದಲ್ಲ, ಶಾಲೆಯ ದಿನಗಳ ಬೆಳಗ್ಗೆ ಅಮ್ಮ ಎಬ್ಬಿಸುತ್ತಿದ್ದದ್ದೇ ಹಾಗೆ, ಕೂಗುತ್ತಿರಲಿಲ್ಲ, ಹೊದಿಕೆಯ ತುದಿ ಎತ್ತಿ ಉಗುರಲ್ಲಿ ಅಂಗಾಲು ತಟ್ಟುತ್ತಿದ್ದಳು, ನಾನು ಉಸಿರು ಬಿಗಿಹಿಡಿದು ನಿದ್ದೆಯ ನಾಟಕ, ಎಷ್ಟು ಬಿಗಿಹಿಡಿದರೂ ಹೆಬ್ಬೆರಳು ಕೈಕೊಡುತ್ತಿತ್ತು, ಕಳ್ಳಿ, ಬೆರಳು ಅಲ್ಲಾಡ್ತು, ಏಳು, ಅವಳ ಕೈಯ ಸೋಪಿನ ವಾಸನೆ, ಕಿಟಕಿಯ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿರುತ್ತಿತ್ತು, ಅಂಥ ಒಂದು ಬೆಳಗು ಇನ್ನೊಮ್ಮೆ ಸಿಕ್ಕರೆ ಎದ್ದೇಳುತ್ತಿರಲಿಲ್ಲ, ತಟ್ಟಿಸಿಕೊಳ್ಳುತ್ತಲೇ ಇರುತ್ತಿದ್ದೆ — ಆಸ್ಪತ್ರೆಯ ಹೊದಿಕೆ ಗಿಡ್ಡ, ಅಮ್ಮನ ಪಾದ ಹೊರಗೆ, ಡ್ರಿಪ್ಪಿನ ಕಂಬವನ್ನು ನರ್ಸ್ ಆಗಲೇ ಪಕ್ಕಕ್ಕೆ ಸರಿಸಿದ್ದಳು, ನಾನು ಅಂಗಾಲು ತಟ್ಟಿದೆ, ಮತ್ತೆ ತಟ್ಟಿದೆ, ನರ್ಸ್ ನನ್ನ ಮುಂಗೈ ಹಿಡಿದುಕೊಂಡಳು, ಸಾಕಮ್ಮಾ —

ತಟ್ಟುತ್ತೇನೆ. ಏನಿಲ್ಲ. ಪ್ರೊಫೆಸರ್ ಕಾಯುತ್ತಿದ್ದಾರೆ, ಇವತ್ತೊಂದು ದಿನ ಇರು, ಪುಡಿ ತಿಂದಿದ್ದೀಯೋ ಬರೀ ಗಂಜಿಯೋ ನನಗೆ ಬೇಡ, ಇರು, ತಟ್ಟುತ್ತೇನೆ, ಹಿಂಗಾಲು, ಕೂದಲೆಳೆಯಷ್ಟು ಹಿಂಗಾಲು, ಮಡಚಿತು, ಚಾಚಿತು, ಇದೆ ಸಾರ್, ಇನ್ನೂ ಇದೆ, ಕೈ ಆಗಲೇ ಜೇಬಿನಿಂದ ಫೋನ್ ತೆಗೆದಿದೆ, ಅಮ್ಮ ಎಂದಿರುವಲ್ಲಿ ಹೆಬ್ಬೆರಳು, ರಿಂಗ್ ಆಗುತ್ತಿದೆ, ಮನೆಯ ಕಪಾಟಿನಲ್ಲಿ ನಾನೇ ಮಡಚಿಟ್ಟ ಅವಳ ಬಟ್ಟೆಗಳ ನಡುವೆ ಅವಳ ಫೋನ್ ಹೊಡೆದುಕೊಳ್ಳುತ್ತಿರಬೇಕು, ಎತ್ತುವವರಿಲ್ಲ, ಗಿಡ್ಡ ಹೊದಿಕೆ, ಹೊರಗೆ ಪಾದ, ನಾನು ತಟ್ಟುತ್ತೇನೆ, ಬೆರಳು, ಅಮ್ಮ, ಬೆರಳು —